ದೀಪದ ಕಂಬಕ್ಕೆ ಕೊಡದ ಅನುಮತಿ

ಶಾಹಿದಾ, ನಿನ್ನ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು. ಸುಳ್ಳು ಹೇಳಿದವನು ನಾನು.

ಆಗ ನಾನು ಇಳಕಲ್ಲಿನ ನಗರಸಭೆಯಲ್ಲಿ ಬೀದಿ ಕಂಬಗಳ ಅನುಮತಿ ನೋಡುವ ಅಧಿಕಾರಿ. ನೀನು ಮೊಬೈಲ್ ಕಂಪನಿಯೊಂದರ ಎಂಜಿನಿಯರ್, ಅದೇ ಊರಿನ ನೇಕಾರರ ಓಣಿಯ ಹುಡುಗಿ. ಮನೆಗೆ ಮನೆ ಒತ್ತಿಕೊಂಡಿರುವ ಆ ಓಣಿಯೊಳಗೆ ದೊಡ್ಡ ಟವರಿನ ಸಿಗ್ನಲ್ ಇಳಿಯುತ್ತಿರಲಿಲ್ಲ. ವಿಡಿಯೊ ಕರೆಯಲ್ಲಿ ಗಿರಾಕಿಗೆ ಸೀರೆಯ ಸೆರಗು ತೋರಿಸಬೇಕೆಂದರೆ ಹೆಂಗಸರು ಬಸ್ ನಿಲ್ದಾಣದವರೆಗೆ ನಡೆಯಬೇಕಿತ್ತು. ದೀಪದ ಕಂಬಗಳಿಗೇ ಊಟದ ಡಬ್ಬಿಯಷ್ಟು ಚಿಕ್ಕ ಸಿಗ್ನಲ್ ಪೆಟ್ಟಿಗೆ ಕೂರಿಸುತ್ತೇನೆಂದು ನೀನು ಅವರಿಗೆ ಮಾತು ಕೊಟ್ಟಿದ್ದೆ.

ಇಂಥ ಪೆಟ್ಟಿಗೆಗಳಿಗೆ ಟವರಿನ ನಿಯಮ ಬೇಡವೆಂದು ಹೊಸ ಆದೇಶ ಬಂದಿತ್ತು. ಓದಿದ್ದೆ. ಆದರೂ ಒಂದೊಂದು ಕಂಬಕ್ಕೂ ಟವರಿಗೆ ಕೇಳುವುದನ್ನೆಲ್ಲ ಕೇಳಿದೆ — ಅಕ್ಕಪಕ್ಕದವರ ಒಪ್ಪಿಗೆ, ಕಟ್ಟಡದ ಪ್ರಮಾಣಪತ್ರ... ದೀಪದ ಕಂಬಕ್ಕೆ ಕಟ್ಟಡ ಎಲ್ಲಿಂದ ಬರಬೇಕು! ನಿನ್ನನ್ನು ವಿದ್ಯುತ್ ಕಚೇರಿಗೆ ಅಟ್ಟಿದೆ. ಅವರು ತಿರುಗಿ ನನ್ನಲ್ಲಿಗೇ ಅಟ್ಟಿದರು. ಲಂಚದ ಆಸೆಯಿಂದಲ್ಲ — ಅದಾದರೂ ಒಂದು ಕಾರಣವಾಗುತ್ತಿತ್ತು. ಊರಲ್ಲಿ ಯಾರೂ ಮಾಡದ ಸಹಿಯನ್ನು ಮೊದಲು ಮಾಡಲು ಹೆದರಿದೆ. ಸಹಿ ಹಾಕಿದವನು ಸಿಕ್ಕಿಬೀಳುತ್ತಾನೆ, ಹಾಕದವನನ್ನು ಯಾರೂ ಕೇಳುವುದಿಲ್ಲ. ಇಡೀ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ.

ಕೊನೆಗೆ ಓಣಿಯ ಹೆಂಗಸರು ನಮ್ಮಿಬ್ಬರನ್ನೂ ಕರೆಸಿದರು. ಮುಂದೆ ಕೂತಿದ್ದ ನಿನ್ನ ತಾಯಿಯೇ ಕೇಳಿದರು: "ಯಾಕ್ರಿ ಸಾಹೇಬ್ರ, ಇಷ್ಟ ಯಾಕ ತಡಾ?"

ನಿನ್ನ ಕಡೆ ನೋಡದೆ ಹೇಳಿದೆ: "ಈಕಿ ಕಾಗದಾನ ಬರೋಬರಿ ಕೊಟ್ಟಿಲ್ರಿ. ನಾ ಏನ್ ಮಾಡ್ಲಿ?"

"ಸರ್, ಖರೆ ಹೇಳ್ರಿ," ಎಂದೆ ನೀನು. ಅಷ್ಟೇ. ನಾನು — ಕೊಟ್ಟ ಚಹಾ ಕುಡಿಯುತ್ತ ಕೂತೆ.

ಕಂಪನಿ ಆ ಕೆಲಸವನ್ನು ಬೇರೆ ಊರಿಗೆ ಒಯ್ದಿತು. ನೀನು ಮಾತಿಗೆ ತಪ್ಪಿದವಳಾದೆ. ಓಣಿಯವರು ನಿಮ್ಮ ಮನೆಯ ಜೊತೆ ಮಾತು ಬಿಟ್ಟರು. ನೀನು ಊರಿಗೆ ಬರುವುದನ್ನೇ ಬಿಟ್ಟೆ.

ನಿವೃತ್ತನಾಗಿ ಈಗ ಕೆಲವು ವರ್ಷ. ಹೋದ ವಾರ ಆ ಓಣಿಗೆ ಹೋಗಿ, ಎಲ್ಲರೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ... ನಿನ್ನ ತಾಯಿ ಮಗ್ಗದಿಂದ ತಲೆ ಎತ್ತದೆ ಅಂದರು:

"ಆವತ್ತ ನಾನೂ ನನ್ನ ಮಗಳನ್ನ ನಂಬಲಿಲ್ರಿ."

ಅದನ್ನೂ ಮಾಡಿದವನು ನಾನೇ, ಶಾಹಿದಾ.