ಬೇಳೆ ಹಾಕದ ಕುಕ್ಕರಿನ ಕೂಗು

ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಹನ್ನೊಂದು ವರ್ಷ ನನ್ನದು ಕೈಯಿಂದಲೇ ಟೆಸ್ಟ್ ಮಾಡುವ ಕೆಲಸ. ಕಾರ್ಖಾನೆಗಳಿಗೆ ಪಾಳಿಯ ಬಸ್ಸಿನ ಪಟ್ಟಿ ತಯಾರಿಸುವ ಸಾಫ್ಟ್‌ವೇರ್ ನಮ್ಮದು. ಯಾರ ಹೆಸರು ಯಾವ ಬಸ್ಸಿಗೆ ಬಂತೆಂದು ಒಂದೊಂದಾಗಿ ಒತ್ತಿ ನೋಡಿ, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ.

ಆ ಸೋಮವಾರ ಮ್ಯಾನೇಜರ್ ಕರೆದರು. "ಮೇಡಂ, ಗುರುವಾರದೊಳಗೆ ಇದೆಲ್ಲ ಆಟೊಮೇಟ್ ಆಗ್ಬೇಕು. ಇಲ್ಲಾಂದ್ರೆ ನಿಮ್ಮನ್ನ ಈ ಪ್ರಾಜೆಕ್ಟಲ್ಲಿ ಇಟ್ಕೊಳ್ಳೋದು ನನ್ ಕೈಲಿಲ್ಲ."

ನೋಟ್‌ಬುಕ್ಕಿನಲ್ಲಿದ್ದದ್ದನ್ನೇ ಸನ್ನಿವೇಶಗಳಾಗಿ, ಸರಳ ವಾಕ್ಯಗಳಲ್ಲಿ ಬರೆಯಬೇಕಿತ್ತು: ನೌಕರ ಮೊದಲ ಪಾಳಿಯವನಾಗಿದ್ದರೆ, ಪಟ್ಟಿ ತೆರೆದಾಗ, ಬೆಳಗಿನ ಬಸ್ಸಿನಲ್ಲಿ ಅವನ ಹೆಸರು ಕಾಣಬೇಕು. ಮೂರು ದಿನದಲ್ಲಿ ನಲವತ್ತೆರಡು ಬರೆದೆ. ಪಕ್ಕದ ಸೀಟಿನ ಬಾಗಲಕೋಟೆಯ ಹುಡುಗಿ ಅವಕ್ಕೆ ಕೋಡ್ ಬರೆದುಕೊಟ್ಟಳು. ಎಲ್ಲವನ್ನೂ ಒಂದೇ ಕಮಾಂಡಿಗೆ ಓಡಿಸಲು, ಕೆಲಸಗಳನ್ನು ಸಾಲಾಗಿ ನಡೆಸುವ ಟಾಸ್ಕ್ ರನ್ನರ್‌ಗೆ ಒಂದು ಪ್ಲಗಿನ್, ಅಂದರೆ ಜೋಡಣೆಯ ತುಣುಕು, ಸೇರಿಸಬೇಕಿತ್ತು. ಅದನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದು, ಸೂಚನೆಯ ಪುಟದ ಸಾಲುಗಳನ್ನು ಹಾಗೇ ಕಾಪಿ ಮಾಡಿ ಹಾಕಿದೆ.

ಗುರುವಾರ ಬೆಳಿಗ್ಗೆ ಓಡಿಸಿದೆ. ಹಸಿರು ಅಕ್ಷರ ಬಂತು, ಒಂದೂ ತಪ್ಪಿಲ್ಲ. ಮ್ಯಾನೇಜರ್ ನಿಂತಲ್ಲೇ, "ಸೂಪರ್ ಮೇಡಂ! ನಾಲ್ಕು ಗಂಟೆಗೆ ಕ್ಲೈಂಟಿಗೆ ತೋರಿಸ್ಬಿಡೋಣ" ಎಂದು ಹೊರಟೇಹೋದರು.

ಊಟಕ್ಕೆ ಕೂತರೂ ನನಗೆ ಸಮಾಧಾನವಿಲ್ಲ. ಕೈಯಲ್ಲಾದರೆ ಒಂದೂವರೆ ದಿನ ಹಿಡಿಯುವುದು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಮುಗಿದಿತ್ತು.

"ಇಷ್ಟ್ ಬೇಗ ಆಗುತ್ತೇನೇ?" ಜೊತೆಗೆ ಊಟಕ್ಕೆ ಕೂತಿದ್ದ ಆ ಹುಡುಗಿಯನ್ನು ಕೇಳಿದೆ.

"ಮಷೀನ್ ಐತ್ರೀ ಅಕ್ಕಾರ. ನಿಮ್ಮಂಗ ನಡುನಡುವ ಚಾ ಕುಡ್ಯಾಕ ಹೋಗಂಗಿಲ್ಲ ಅದು."

ಚಿತ್ರಾನ್ನ ಅರ್ಧಕ್ಕೇ ಬಿಟ್ಟು ಎದ್ದೆ. ಒಂದು ವಾಕ್ಯವನ್ನು ಬೇಕೆಂದೇ ಕೆಡಿಸಿದೆ: ಮೊದಲ ಪಾಳಿಯವನ ಹೆಸರು ರಾತ್ರಿಯ ಬಸ್ಸಿನಲ್ಲಿ ಕಾಣಬೇಕು. ಓಡಿಸಿದರೆ ಮತ್ತೆ ಹಸಿರೇ.

"ಬಾರೇ ಇಲ್ಲಿ. ಬೇಳೇನೇ ಹಾಕಿಲ್ಲ, ಕುಕ್ಕರ್ ಕೂಗ್ತಿದೆ!"

ಅವಳು ಬಗ್ಗಿ ಪರದೆಯ ಕೊನೆಯ ಸಾಲಿಗೆ ಬೆರಳಿಟ್ಟಳು. ಓಡಿದ ಸನ್ನಿವೇಶಗಳು: ಸೊನ್ನೆ. ಹಸಿರು ಕಂಡ ಖುಷಿಯಲ್ಲಿ ಅದನ್ನು ಯಾರೂ ಓದಿರಲಿಲ್ಲ. ತಪ್ಪು ನನ್ನದೇ. ಅಡುಗೆಮನೆಯ ಡಬ್ಬಿಗಳ ಹಾಗೆ ಪಾಳಿಗೊಂದು ಫೋಲ್ಡರ್ ಮಾಡಿ ಸನ್ನಿವೇಶಗಳ ಫೈಲುಗಳನ್ನು ಅದರೊಳಗೆ ಇಟ್ಟಿದ್ದೆ. ಕಾಪಿ ಮಾಡಿದ ಸಾಲು ಹೊರಗಿನ ಫೋಲ್ಡರಿನಲ್ಲಷ್ಟೇ ಹುಡುಕಿ, ಏನೂ ಸಿಗದೆ, ತಪ್ಪೂ ಇಲ್ಲವೆಂದು ಹಸಿರು ತೋರಿಸುತ್ತಿತ್ತು.

ತಿದ್ದಿ ಓಡಿಸಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ನಾನು ಕೆಡಿಸಿದ್ದು ಕೆಂಪಾಯಿತು. ಕೆಡಿಸದೆ ಇದ್ದ ಇನ್ನೊಂದೂ ಕೆಂಪು: ಪಾಳಿ ಬದಲಿಸಿಕೊಂಡವರ ಹೆಸರು ಯಾವ ಬಸ್ಸಿನಲ್ಲೂ ಇರಲಿಲ್ಲ.

"ಈಗ ಮುಂಜಾನಿ ಹಸರನ್ನ ತೋರ್ಸಿಬಿಡ್ರಿ ಅಕ್ಕಾರ, ನಾಳಿ ಸರಿ ಮಾಡಿದ್ರಾತು. ನಿಮ್ಮ ಸೀಟರ ಉಳೀತೈತಿ."

"ಚಂದಾಪುರದಲ್ಲಿ ಹಾಲು ತರೋಕೆ ಹೋದಾಗ ದಿನಾ ನೋಡ್ತೀನಿ ಕಣೇ, ಕಾರ್ಖಾನೆಯವ್ರು ಐದೂವರೆಗೇ ಬಸ್ಸಿಗೆ ಕಾಯ್ತಾ ನಿಂತಿರ್ತಾರೆ. ಪಟ್ಟೀಲಿ ಹೆಸರಿಲ್ದಿದ್ರೆ ಅಲ್ಲೇ ಉಳೀತಾರೆ" ಎಂದವಳೇ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ.

ಅವರು ಬಂದು ಪರದೆಯ ಕೆಂಪು ಸಾಲುಗಳನ್ನು ಓದಿದರು. ಕ್ಲೈಂಟಿಗೆ ಫೋನ್ ಮಾಡಿ, ತೋರಿಸುವುದನ್ನು ಸೋಮವಾರಕ್ಕೆ ಮುಂದೂಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಕೆಡಿಸಿ ನೋಡ್ಬೇಕು ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಈ ಟೆಸ್ಟೆಲ್ಲ ಇನ್ಮೇಲೆ ನೀವೇ ನೋಡ್ಕೊಳ್ಳಿ ಮೇಡಂ" ಎಂದರು.

ಉಳಿದ ಚಿತ್ರಾನ್ನವನ್ನು ನಾಲ್ಕು ಗಂಟೆಗೆ ತಿಂದೆ.