ಎದುರುಮನೆಯ ಗೊಂಬೆ ಟ್ರಂಕು

ಮೊದಲೇ ಹೇಳಿಬಿಡುತ್ತೇನೆ, ಎದುರುಮನೆಗೆ ನುಗ್ಗಿದವರಲ್ಲಿ ನಮ್ಮ ಚಿಕ್ಕಪ್ಪನೂ ಇದ್ದ. ಎಂಬತ್ತರ ದಶಕದ ಹೊಸಹಳ್ಳಿ. ಭಾಷೆಯ ಗಲಾಟೆ. ಆ ಮನೆಯವರು ತಮಿಳರು, ಅವರ ತಪ್ಪು ಅಷ್ಟೇ. ದಸರಾ ಗೊಂಬೆಗಳ ಟ್ರಂಕನ್ನು ಬೀದಿಗೆ ಎಳೆತಂದು ಬೆಂಕಿ ಇಟ್ಟರು. ನನಗಾಗ ಹತ್ತು ವರ್ಷ. ಕಿಟಕಿಯಿಂದ ನೋಡಿದೆ. ಟ್ರಂಕಿನ ಒಂದು ಬದಿಯ ಹಿಡಿಕೆ ಚಿಕ್ಕಪ್ಪನ ಕೈಯಲ್ಲಿತ್ತು.

ಆಮೇಲೆ ಬೀದಿಯ ಹಿರಿಯರು ಎರಡೂ ಕಡೆಯ ಗಂಡಸರನ್ನು ಕೂರಿಸಿ, ಕಾಫಿ ಕುಡಿಸಿ, "ಆಯ್ತು, ಮರ್ತುಬಿಡಿ" ಎಂದರು. ಚಿಕ್ಕಪ್ಪ ಅಲ್ಲಿಗೆ ಹೋಗಲೇ ಇಲ್ಲ.

ಅಮ್ಮನೂ ಎದುರುಮನೆ ಆಂಟಿಯೂ ಪ್ರತಿ ದಸರಾದಲ್ಲಿ ಗೊಂಬೆ ಕೂರಿಸಿ, ಒಬ್ಬರನ್ನೊಬ್ಬರು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು. ಆ ವರ್ಷ ಹಬ್ಬ ಬಂದರೂ ಆಂಟಿ ಏನೂ ಕೂರಿಸಲಿಲ್ಲ. ಅಮ್ಮ ತಡೆಯಲಾರದೆ ತನ್ನ ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಹೋದಳು. ಮದುವೆಯಲ್ಲಿ ತೌರಿನವರು ಕೊಡುವ ರಾಜ-ರಾಣಿ ಜೋಡಿ ಅದು. ಯಾರೂ ಹೊರಗಿನವರಿಗೆ ಕೊಡುವುದಿಲ್ಲ. ಪೆದ್ದುತನವೇ ಇರಬಹುದು.

"ಇವನ್ನಿಟ್ಟು ಕೂರಿಸ್ರೀ. ವರ್ಷಾವರ್ಷ ನಡ್ಕೊಂಡ್ ಬಂದಿದ್ದು ನಿಲ್ಲಿಸ್ಬಾರ್ದು."

ಆಂಟಿ ಸೀರೆ ಬಿಚ್ಚಿ ನೋಡಲೂ ಇಲ್ಲ. "ನಿಮ್ಮಮ್ಮ ಕೊಟ್ಟಿದ್ದು ನಿಮ್ಹತ್ರಾನೇ ಇರ್ಲಿ. ನಂದೂ ನಮ್ಮಮ್ಮ ಕೊಟ್ಟಿದ್ದೇ."

"ಮತ್ತೇನ್ ಮಾಡ್ಲಿ, ನೀವೇ ಹೇಳಿ."

"ನಿಮ್ಮ ಮೈದುನನ್ನ ಕಳ್ಸಿ. ಬೈಯಲ್ಲ ನಾನು. ಎಷ್ಟು ವರ್ಷ ನನ್ನ ಕೈಯಿಂದ ಉಸಲಿ ತಿಂದಿದಾನೆ! ಒಂದ್ಸಲ ಬಂದು ಎದುರಿಗೆ ಕೂತ್ರೆ ಸಾಕು."

ಅಮ್ಮ ಗೊಂಬೆ ವಾಪಸ್ಸು ತಂದಳು. ಚಿಕ್ಕಪ್ಪ ಊಟಕ್ಕೆ ಕೂತಿದ್ದ. ಆಂಟಿಯ ಮಾತನ್ನು ಅವನಿಗೆ ಹೇಳಿದಳು.

"ನಾನೊಬ್ನೇನಾ ಅತ್ತಿಗೆ ಅಲ್ಲಿದ್ದಿದ್ದು?"

"ಅವ್ರು ಕೇಳಿದ್ದು ನಿನ್ನೊಬ್ಬನ್ನೇ ಕಣೋ."

"ಹೋಗಿ ಏನಂತ ಮಾತಾಡ್ಲಿ?"

ಅಮ್ಮ ದಿನಾ ಬೆಳಿಗ್ಗೆ ಹೋಗೆಂದು ಕೇಳಿದಳು. ಬೈದಳು, ಅತ್ತಳು.

ಆಯುಧಪೂಜೆಯ ಸಂಜೆ ಅವನೇ ಶರ್ಟು ಹಾಕಿಕೊಂಡು ಹೊರಟ. ಎದುರಿಗೆ ಆಂಟಿ ಬಾಗಿಲಲ್ಲೇ ನಿಂತಿದ್ದರು. ಚಿಕ್ಕಪ್ಪ ನಮ್ಮ ಗೇಟಿನ ಚಿಲಕ ಹಿಡಿದವನು ಹಿಡಿದೇ ನಿಂತ.

"ಹೋಗೋ," ಎಂದಳು ಅಮ್ಮ ಹಿಂದಿನಿಂದ, ಮೆಲ್ಲಗೆ.

ಅವನು ತಿರುಗಿ ಒಳಬಂದು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅಮ್ಮನೇ ಬೀದಿ ದಾಟಿ ಆಂಟಿಯ ಮೆಟ್ಟಿಲ ಮೇಲೆ ಕೂತಳು. ಆಂಟಿಯೂ ಪಕ್ಕದಲ್ಲಿ ಕೂತರು. ಕತ್ತಲಾಗುವಾಗ ಆಂಟಿ ಎದ್ದು, "ದೀಪ ಹಚ್ಬೇಕು ರೀ," ಎಂದರು. ಅಮ್ಮ ಎದ್ದು ಬಂದಳು.