ಕೈಗೆ ಸವರಿದ ಎಣ್ಣೆ

ತೊಂಬತ್ತರ ದಶಕದಲ್ಲಿ ಒಂದು ಕಂಪನಿ, ಬೆವರಿಗೆ ಇಳಿಯದ ಕುಂಕುಮ ತಾನೇ ಕಂಡುಹಿಡಿದದ್ದೆಂದು ಪೇಟೆಂಟ್ ಕೇಳಿತ್ತು. ಅದು ಸಿಕ್ಕಿದ್ದರೆ ನಾವು ಹೆಂಗಸರು ಕುಂಕುಮ ಮಾಡಿ ಸಂತೆಮರಹಳ್ಳಿ ಸಂತೆಯಲ್ಲಿ ಮಾರುವ ಹಾಗಿರಲಿಲ್ಲ. ಕಂಪನಿ ಹೇಳುವ ವಿಧಾನ ಹಳೆಯದೋ ಹೊಸದೋ ನೋಡಲು ನಮ್ಮ ಪರವಾಗಿ ಒಬ್ಬ ಲಾಯರಮ್ಮ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೇ ಕೂರುವರು. ನಗುತ್ತಿರಲಿಲ್ಲ. ನನಗೆ ಹಿಡಿಸಲಿಲ್ಲ.

ಅರಿಸಿನ, ನಿಂಬೆರಸ, ಬಿಳಿಗಾರ, ಕೊನೆಗೆ ಎಳ್ಳೆಣ್ಣೆ ಎಂದು ಕಂಪನಿ ಬರೆದಿತ್ತಂತೆ. "ನಾಲ್ಕನ್ನೂ ಮೊದಲಿಂದ ಹಾಕುತ್ತಿದ್ದದ್ದು ಒಂದೇ ಕಡೆ ಸಿಗಬೇಕು, ಆಗಲೇ ಪೇಟೆಂಟ್ ತಪ್ಪುವುದು" ಎನ್ನುವುದೇ ಲಾಯರಮ್ಮನ ಮಾತು. ಮೊದಲ ಮೂರು ನಾವು ಹಾಕುತ್ತಲೇ ಇದ್ದೆವು; ಎಣ್ಣೆ ಹಾಕುತ್ತೀರಾ ಎಂದು ಮನೆಮನೆಯಲ್ಲೂ ಕೇಳಿದರು. ಎಲ್ಲರೂ ಇಲ್ಲ ಎಂದೆವು.

"ಆಕ್ತೀವಿ ಅಂತ ಬರ್ಕಬುಡಿ ಲಾಯರಮ್ಮ, ಯಾರ್ ಬಂದ್ ನೋಡಾರು?" ಎಂದೆ.

"ಸುಳ್ಳು ಬರೆಯಲ್ಲ. ಮಾಡಿ ತೋರಿಸಿ."

ಮಾಡಿದೆ. ಒಣಗಿದ ಪುಡಿಯನ್ನು ತಿಕ್ಕುವ ಮೊದಲು ಅಂಗೈಗೆ ಎಳ್ಳೆಣ್ಣೆ ಸವರಿಕೊಂಡೆ. ಲಾಯರಮ್ಮ ನನ್ನ ಕೈ ಹಿಡಿದರು.

"ಇದೇನಮ್ಮ?"

"ಬಣ್ಣ ಅಂಟ್ಕಬಾರ್ದು ಅಂತ ಕೈಗೆ ಕಣವ್ವ, ಕುಂಕುಮಕ್ಕಲ್ಲ. ನಮ್ಮತ್ತೆನೂವೆ ಇಂಗೇ ಮಾಡೋರು."

"ತಿಕ್ಕಿ."

ತಿಕ್ಕಿದೆ. ಕೈ ತೋರಿಸಿ ಎಂದರು. ಅಂಗೈಯಲ್ಲಿ ಜಿಡ್ಡೇ ಇರಲಿಲ್ಲ, ಎಣ್ಣೆಯೆಲ್ಲ ಕುಂಕುಮಕ್ಕೆ ಹೋಗಿತ್ತು.

"ಹಳೇದೇ" ಎಂದು ಲಾಯರಮ್ಮ ಆಗ ಪೆನ್ನು ತೆಗೆದರು.